ಯಾಕೆ ಬೇಕು ಅಂತ ಕೇಳೋಣ

(ದಾವಣಗೆರೆಯಲ್ಲಿ ವಿದ್ಯಾರ್ಥಿಗಳು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಖಾಸಗಿತನ ಮತ್ತು ಡಿಜಿಟಲ್ ಹಕ್ಕುಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ಜೆರಾಕ್ಸ್ ಅಂಗಡಿಯಿಂದ ಶುರು ಮಾಡುತ್ತೇನೆ. ಸ್ಕಾಲರ್‌ಶಿಪ್ ಅರ್ಜಿ, ಪಿಜಿ ರೂಮು, ಹೊಸ ಸಿಮ್ಮು, ಏನೇ ಇರಲಿ, ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಒಂದು ಅಂಗಡಿಗೆ ಹೋಗುತ್ತೀರಿ. ಗೋಡೆ ಮೇಲೆ ವಾಟ್ಸಾಪ್ ನಂಬರ್ ಬರೆದಿರುತ್ತದೆ. ಆ ನಂಬರಿಗೆ ಆಧಾರ್ ಕಾರ್ಡಿನ ಪಿಡಿಎಫ್ ಕಳಿಸುತ್ತೀರಿ. ಪ್ರಿಂಟ್ ಬರುತ್ತದೆ, ದುಡ್ಡು ಕೊಟ್ಟು ಹೊರಡುತ್ತೀರಿ. ಆ ಪಿಡಿಎಫ್ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲೇ ಇದೆ. ನಿಮ್ಮ ಹಿಂದೆ ನಿಂತಿದ್ದವರದ್ದೂ, ಮುಂದೆ ನಿಂತಿದ್ದವರದ್ದೂ ಅದೇ ಫೋಲ್ಡರಿನಲ್ಲಿದೆ. ಅಂಗಡಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಬೆಳಗಿನಿಂದ ರಾತ್ರಿವರೆಗೂ ನಿಂತು ದುಡಿಯುವ ಅವರಿಗೆ ಅದನ್ನು ಅಳಿಸಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಅಳಿಸಿ ಅಂತ ನಾವೂ ಕೇಳಿಲ್ಲ.

ಇದರಿಂದ ಏನಾಗುತ್ತದೆ ಅಂತ ಕೇಳುವವರಿಗೆ 2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದದ್ದನ್ನು ಹೇಳುತ್ತೇನೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೈಟು, ಜಮೀನು ನೋಂದಣಿ ಮಾಡಿಸಿದ ಕೆಲವರ ಬ್ಯಾಂಕ್ ಖಾತೆಯಿಂದ ದುಡ್ಡು ಹೋಗತೊಡಗಿತು. ಒಟಿಪಿ ಬರಲಿಲ್ಲ. ಯಾರೂ ಫೋನ್ ಮಾಡಿ ಪಿನ್ ಕೇಳಲಿಲ್ಲ. ಬೆಂಗಳೂರು, ಮಂಗಳೂರು ಕಡೆ ದೂರುಗಳು ದಾಖಲಾದವು. ನೋಂದಣಿ ಪತ್ರದ ಪ್ರತಿಗಳು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ, ಇಂಟರ್ನೆಟ್ಟಿನಲ್ಲೇ ಸಿಗುತ್ತಿದ್ದವು. ಆ ಪ್ರತಿಯ ಮೇಲೆ ಹೆಬ್ಬೆಟ್ಟಿನ ಗುರುತೂ ಇತ್ತು, ಆಧಾರ್ ಸಂಖ್ಯೆಯೂ ಇತ್ತು. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಸಣ್ಣ ಮಷಿನ್ ಹಿಡಿದು ಬಂದು ದುಡ್ಡು ಕೊಡುತ್ತಾರಲ್ಲ, ಅದಕ್ಕೆ ಬೇಕಾದ್ದು ಮೂರೇ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಕಳ್ಳರು ಕಾಗದದ ಮೇಲಿನ ಹೆಬ್ಬೆಟ್ಟಿನಿಂದ ಅಚ್ಚು ಮಾಡಿಕೊಂಡು ಬೆರಳಿನ ಬದಲು ಅದನ್ನೇ ಒತ್ತಿದರು. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಬೆರಳು ಬದಲಾಯಿಸೋಕೆ ಆಗುತ್ತಾ?

ದೂರು ಸಾಲು ಸಾಲಾಗಿ ಬಂದ ಮೇಲೆ, ಪತ್ರಿಕೆಗಳು ಬರೆದ ಮೇಲೆ, ಇಲಾಖೆ ಆ ಪ್ರತಿಗಳಲ್ಲಿ ಬೆರಳಚ್ಚು ಕಾಣದ ಹಾಗೆ ಮರೆಮಾಡಿತು. ಒಳ್ಳೆಯದಾಯಿತು. ಆದರೆ ಆ ಗುರುತನ್ನು ಇಂಟರ್ನೆಟ್ಟಿನಲ್ಲಿ ಇಡಬೇಕಾ ಅಂತ ಮೊದಲೇ ಯಾರಾದರೂ ಕೇಳಿದ್ದರೆ ಅಷ್ಟು ಜನರ ದುಡ್ಡು ಉಳಿಯುತ್ತಿತ್ತು.

ಇಂಥ ಕಥೆ ಕೇಳಿದ ತಕ್ಷಣ ನಮಗೆ ಸಿಗುವ ಸಲಹೆ ಒಂದೇ. ನೀವು ಹುಷಾರಾಗಿರಿ. ಆಧಾರ್ ವೆಬ್‌ಸೈಟಿಗೆ ಹೋಗಿ ಬಯೋಮೆಟ್ರಿಕ್ ಲಾಕ್ ಮಾಡಿ, ಅಂದರೆ ನಿಮ್ಮ ಬೆರಳಚ್ಚು ಯಾರೂ ಬಳಸದ ಹಾಗೆ ಬೀಗ ಹಾಕಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಸರಿಯಾದ ಸಲಹೆಯೇ. ಇವತ್ತು ಮನೆಗೆ ಹೋದ ಮೇಲೆ ದಯವಿಟ್ಟು ಎರಡನ್ನೂ ಮಾಡಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಆದರೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಅಜ್ಜಿಯನ್ನು ಯೋಚಿಸಿ. ರೇಷನ್ ಅಂಗಡಿಯಲ್ಲಿ ಅವರು ಬೆರಳು ಒತ್ತಬೇಕು. ಪಿಂಚಣಿ ದುಡ್ಡು ತೆಗೆಯುವಾಗ ಬ್ಯಾಂಕ್ ಮಿತ್ರರ ಮಷಿನ್ನಿಗೂ ಒತ್ತಬೇಕು. ಲಾಕ್ ಮಾಡಿದರೆ ಪ್ರತಿ ಸಲ ತೆಗೆಯಬೇಕು. ಅದಕ್ಕೆ ಆಧಾರಿಗೆ ಜೋಡಿಸಿದ ಮೊಬೈಲ್ ಬೇಕು. ಆ ನಂಬರ್ ಬೆಂಗಳೂರಿನಲ್ಲಿರುವ ಮಗನದ್ದು. ಹುಷಾರಾಗಿರಿ ಅನ್ನುವ ಸಲಹೆ ಅವರ ಹತ್ತಿರ ಹೋದ ಕೂಡಲೇ ಕೆಲಸಕ್ಕೆ ಬಾರದ ಮಾತಾಗುತ್ತದೆ. ಯಾರಿಗೆ ರಕ್ಷಣೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವರಿಗೆ ಹುಷಾರಾಗಿರುವ ದಾರಿಯೇ ಇಲ್ಲ. ಅದಕ್ಕೇ ಖಾಸಗಿತನ ಅನ್ನುವುದು ಒಬ್ಬೊಬ್ಬರ ಎಚ್ಚರಿಕೆಗೆ ಬಿಡುವ ವಿಷಯ ಅಲ್ಲ ಅಂತ ನಾನು ಹೇಳೋದು. ಊರಿನವರು ಸೇರಿ, ಕಾಗದದ ಮೇಲೆ ಬರೆದು, ಉತ್ತರ ಬರುವವರೆಗೂ ಬಿಡದೆ ಕೇಳಬೇಕಾದ ವಿಷಯ ಇದು. ಈ ದೇಶದಲ್ಲಿ ಈವರೆಗೆ ಸಿಕ್ಕಿರುವ ಡಿಜಿಟಲ್ ಹಕ್ಕುಗಳೆಲ್ಲ ಹಾಗೆ ಕೇಳಿದ್ದರಿಂದಲೇ ಸಿಕ್ಕಿವೆ.

ಇದರಲ್ಲಿ ದೊಡ್ಡ ಹೆಸರು ನಮ್ಮ ಕರ್ನಾಟಕದವರದ್ದೇ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು. 2012ರಲ್ಲಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ವಯಸ್ಸು 86. ಅವರ ಪ್ರಶ್ನೆ ಸರಳವಾಗಿತ್ತು. ಸಂಸತ್ತಿನಲ್ಲಿ ಕಾನೂನೇ ಆಗದೆ ಇಡೀ ದೇಶದ ಜನರ ಬೆರಳಚ್ಚು, ಕಣ್ಣಿನ ಗುರುತು ಹೇಗೆ ತೆಗೆದುಕೊಳ್ಳುತ್ತೀರಿ? ಆಧಾರ್ ಕಾನೂನು ಬಂದದ್ದು 2016ರಲ್ಲಿ. ಅಷ್ಟೊತ್ತಿಗೆ ಕೋಟಿಗಟ್ಟಲೆ ಜನರ ಬೆರಳು ಸರ್ಕಾರದ ಹತ್ತಿರ ಸೇರಿ ಆಗಿತ್ತು.

ಪುಟ್ಟಸ್ವಾಮಿಯವರು ಒಬ್ಬರೇ ಇರಲಿಲ್ಲ. ಮೈಸೂರಿನಲ್ಲಿ ನೆಲೆಸಿದ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಅರ್ಜಿ ಹಾಕಿದರು. ಅವರ ಜೊತೆ ಸೇರಿದವರು ಬೆಜವಾಡ ವಿಲ್ಸನ್. ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿ, ಮಲ ಹೊರುವ ಪದ್ಧತಿ ತೊಲಗಿಸೋಕೆ ಬದುಕು ಕೊಟ್ಟವರು. ಈ ಹೆಸರುಗಳನ್ನು ಬೇಕಂತಲೇ ಹೇಳುತ್ತಿದ್ದೇನೆ. ಖಾಸಗಿತನ ಅಂದರೆ ಕೈಯಲ್ಲಿ ದುಬಾರಿ ಫೋನಿರುವ ನಗರದವರ ಚಿಂತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಫಾಯಿ ಕರ್ಮಚಾರಿಗಳ ನಾಯಕರೊಬ್ಬರು ಈ ಕೇಸಿಗೆ ಯಾಕೆ ಬಂದರು ಯೋಚಿಸಿ. ಸರ್ಕಾರದ ಒಂದು ಪಟ್ಟಿಯಲ್ಲಿ ಮಲ ಹೊರುವವರು ಅಂತ ಒಮ್ಮೆ ದಾಖಲಾದರೆ, ಆ ಗುರುತು ಒಂದು ಸಂಖ್ಯೆಗೆ ಅಂಟಿಕೊಂಡು ಹೋದ ಕಡೆಯಲ್ಲೆಲ್ಲ ಹಿಂಬಾಲಿಸಬಹುದು. ಹಳೆಯದನ್ನು ಬಿಟ್ಟು ಹೊಸ ಬದುಕು ಕಟ್ಟಿಕೊಳ್ಳಬೇಕು ಅನ್ನುವವರಿಗೆ ಅದು ಎಂಥ ಹೊರೆ!

ಕೇಂದ್ರ ಸರ್ಕಾರ ಕೋರ್ಟಿನಲ್ಲಿ ಏನು ವಾದ ಮಾಡಿತು ಗೊತ್ತಾ? ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂದಿತು. ಅದಕ್ಕೆ 1954ರ ಎಂಟು ನ್ಯಾಯಾಧೀಶರ ತೀರ್ಪನ್ನೂ, 1962ರ ಆರು ನ್ಯಾಯಾಧೀಶರ ತೀರ್ಪನ್ನೂ ತೋರಿಸಿತು. ಎಂಟು ಜನರ ತೀರ್ಪನ್ನು ಬದಲಿಸಬೇಕಾದರೆ ಒಂಬತ್ತು ಜನ ಕೂರಬೇಕು. ಕೂತರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಹೇಳಿದರು, ಖಾಸಗಿತನ ಮೂಲಭೂತ ಹಕ್ಕು, ಜೀವಿಸುವ ಹಕ್ಕಿನಲ್ಲೇ ಅದು ಸೇರಿದೆ ಅಂತ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು, 98ನೇ ವಯಸ್ಸಿನಲ್ಲಿ. ನಮ್ಮ ಶಾಲೆಯ ಪಾಠಗಳಲ್ಲಿ ಅವರ ಹೆಸರು ಇರಬೇಕಿತ್ತು. ಇದನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ.

ಆ ತೀರ್ಪಿನಿಂದ ನಿಮ್ಮ ಕೈಗೆ ಸಿಕ್ಕಿದ್ದೇನು? ಮೂರು ಪ್ರಶ್ನೆಗಳು. ಸರ್ಕಾರ ನಿಮ್ಮ ಮಾಹಿತಿ ಕೇಳಿದರೆ ನೀವು ತಿರುಗಿ ಕೇಳಬಹುದು. ಇದಕ್ಕೆ ಯಾವ ಕಾನೂನಿದೆ? ಇದರ ಉದ್ದೇಶ ಏನು, ಅದು ನ್ಯಾಯವಾದದ್ದಾ? ಆ ಉದ್ದೇಶಕ್ಕೆ ಇಷ್ಟೊಂದು ಮಾಹಿತಿ ನಿಜವಾಗಲೂ ಬೇಕಾ, ಕಡಿಮೆಯಲ್ಲಿ ಆಗಲ್ವಾ? ಕೋರ್ಟಿನ ಭಾಷೆಯಲ್ಲಿ ಇದಕ್ಕೆ ದೊಡ್ಡ ದೊಡ್ಡ ಪದಗಳಿವೆ. ನಮಗೆ ಈ ಮೂರು ಸಾಲು ಸಾಕು. ಬರೆದುಕೊಳ್ಳಿ. ಇವತ್ತಿನ ಮಾತೆಲ್ಲ ಇವುಗಳ ಸುತ್ತಲೇ ಇದೆ.

ಆಮೇಲೆ 2018ರಲ್ಲಿ ಆಧಾರ್ ಕೇಸು 38 ದಿನ ವಿಚಾರಣೆಯಾಯಿತು. ಸೆಪ್ಟೆಂಬರ್ 26ರಂದು ತೀರ್ಪು ಬಂತು. ಅರ್ಜಿದಾರರು ಪೂರ್ತಿ ಗೆಲ್ಲಲಿಲ್ಲ. ಐವರಲ್ಲಿ ನಾಲ್ವರು ಆಧಾರ್ ಉಳಿಸಿಕೊಂಡರು. ಸಬ್ಸಿಡಿಗೆ, ಪ್ಯಾನ್ ಕಾರ್ಡಿಗೆ ಅದು ಉಳಿಯಿತು. ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಜೋಡಿಸಲೇಬೇಕು ಅನ್ನುವುದು ಬಿದ್ದುಹೋಯಿತು. ಶಾಲೆಗೆ ಮಗುವನ್ನು ಸೇರಿಸೋಕೆ ಆಧಾರ್ ಕಡ್ಡಾಯ ಮಾಡುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. 2019ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಜನ ಇಷ್ಟಪಟ್ಟು ಕೊಟ್ಟರೆ ಬಳಸಬಹುದು ಅಂತ ಮಾಡಿದರು. ಇಷ್ಟಪಟ್ಟು ಅನ್ನುವುದು ಕಾಗದದ ಮೇಲಿದೆ. ಕೌಂಟರಿನಲ್ಲಿ ನಿಂತಾಗ ಬೇರೆ ದಾಖಲೆ ಆಗುತ್ತೆ ಅಂತ ಯಾರಾದರೂ ಹೇಳಿದ್ದಾರಾ? ವೋಟರ್ ಐಡಿ ತೆಗೆದುಕೊಳ್ಳಿ ಅಂತ ನೀವೇ ಹೇಳಿ ನೋಡಿ. ಎಷ್ಟೋ ಕಡೆ ಒಪ್ಪುತ್ತಾರೆ. ಸುಮ್ನೆ ಅಭ್ಯಾಸದಿಂದ ಆಧಾರ್ ಕೇಳಿರುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ. ಬಚ್ಚಿಡೋಕೆ ನಮ್ಮ ಹತ್ತಿರ ಏನಿದೆ ಸಾರ್? ತಪ್ಪು ಮಾಡದವನಿಗೆ ಯಾಕೆ ಭಯ? ಪ್ರಾಮಾಣಿಕವಾಗಿ ಕೇಳುವ ಪ್ರಶ್ನೆ ಇದು, ಅದಕ್ಕೇ ಪ್ರಾಮಾಣಿಕವಾಗಿ ಉತ್ತರ ಕೊಡಬೇಕು.

ರೀಚಾರ್ಜ್ ಅಂಗಡಿಗೆ ನಂಬರ್ ಹೇಳೋಕೆ ನಮ್ಮ ಹೆಣ್ಣುಮಕ್ಕಳು ಎಷ್ಟು ಹಿಂಜರಿಯುತ್ತಿದ್ದರು ನೆನಪಿದೆಯಾ? ಅಣ್ಣನನ್ನೋ ಅಪ್ಪನನ್ನೋ ಕಳಿಸುತ್ತಿದ್ದರು. ಅವರು ಏನು ತಪ್ಪು ಮಾಡಿದ್ದರು? ಚನ್ನಗಿರಿಯ ಅಡಿಕೆ ಬೆಳೆಗಾರರೊಬ್ಬರು ಮಗಳ ಮದುವೆಗೆ ಸಾಲ ಮಾಡಿದ್ದಾರೆ ಅಂದುಕೊಳ್ಳಿ. ಅದು ಖೇಣಿ ಮಾಡುವವರಿಗೆ, ಅಂದರೆ ಬೆಳೆ ಮರದಲ್ಲಿರುವಾಗಲೇ ಕೊಳ್ಳುವವರಿಗೆ ಗೊತ್ತಾದರೆ ಅಡಿಕೆಯ ರೇಟು ಹೇಗೆ ಕೇಳುತ್ತಾರೆ? ಇವರಿಗೆ ದುಡ್ಡಿನ ಅವಸರ ಇದೆ ಅಂತ ಗೊತ್ತಿದ್ದವರು ಕಡಿಮೆಗೇ ಕೇಳುತ್ತಾರೆ. ಇಲ್ಲಿ ತಪ್ಪೂ ಇಲ್ಲ, ಗುಟ್ಟೂ ಇಲ್ಲ. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿದ್ದು, ಅವರದ್ದು ಇವರಿಗೆ ಗೊತ್ತಿಲ್ಲದಿದ್ದರೆ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ನಿಮ್ಮ ಬಗ್ಗೆ ಎಲ್ಲ ಗೊತ್ತಿರುವ ಕಂಪನಿ, ಎಲ್ಲ ಗೊತ್ತಿರುವ ಇಲಾಖೆ ನಿಮ್ಮೆದುರು ಕೂತಾಗ ನೀವು ಬಲ ಕಳೆದುಕೊಂಡಿರುತ್ತೀರಿ. ಸಾಲದ ಆಪ್‌ಗಳು ಮಾಡಿದ್ದು ಇದನ್ನೇ. ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಮೊದಲೇ ತೆಗೆದುಕೊಂಡರು. ಕಂತು ತಪ್ಪಿದಾಗ ನೆಂಟರಿಗೆ, ಕೆಲಸ ಮಾಡುವ ಕಡೆಗೆ ಫೋನ್ ಮಾಡಿ ಮಾನ ಕಳೆದರು. ಈ ರಾಜ್ಯದಲ್ಲೂ, ಬೇರೆ ರಾಜ್ಯಗಳಲ್ಲೂ ಅದನ್ನು ತಾಳಲಾರದೆ ಜೀವ ಬಿಟ್ಟವರಿದ್ದಾರೆ. ಸಾಲ ಮಾಡಿದ್ದು ಅಪರಾಧ ಆಗಿರಲಿಲ್ಲ.

ಸರಿ, ಜನ ಸೇರಿ ಕೇಳಿದಾಗ ಏನಾಗುತ್ತದೆ ಅನ್ನುವುದಕ್ಕೆ ಬರುತ್ತೇನೆ.

2015ರ ಮಾರ್ಚಿನಲ್ಲಿ ಟ್ರಾಯ್, ಅಂದರೆ ಫೋನು, ಇಂಟರ್ನೆಟ್ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ, ಜನರ ಅಭಿಪ್ರಾಯ ಕೇಳುವ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ನೂರು ಪುಟಕ್ಕೂ ಜಾಸ್ತಿ, ಇಂಗ್ಲಿಷಿನಲ್ಲಿ. ಓದಿದವರು ಕಡಿಮೆ. ಆದರೆ ಓದಿದ ಕೆಲವರಿಗೆ ಅಪಾಯ ಕಂಡಿತು. ಕೆಲವು ವೆಬ್‌ಸೈಟು, ಆಪ್‌ಗಳಿಗೆ ಒಂದು ರೇಟು, ಬೇರೆಯವಕ್ಕೆ ಇನ್ನೊಂದು ರೇಟು ಹಾಕೋಕೆ ಮೊಬೈಲ್ ಕಂಪನಿಗಳಿಗೆ ದಾರಿ ಆಗುತ್ತಿತ್ತು. ಆ ಕೆಲವರು ಕಷ್ಟದ ಪ್ರಶ್ನೆಗಳನ್ನು ಸುಲಭ ಮಾಡಿ ಬರೆದರು. ಟ್ರಾಯ್‌ಗೆ ಕಳಿಸುವ ಉತ್ತರದ ಮಾದರಿ ಕೊಟ್ಟರು. ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. ಆ ವರ್ಷದ ಕೊನೆಗೆ ಫೇಸ್‌ಬುಕ್ ತನ್ನ ಫ್ರೀ ಬೇಸಿಕ್ಸ್ ಯೋಜನೆಗೆ ದೇಶದ ತುಂಬ ಜಾಹೀರಾತು ಕೊಟ್ಟಿತು. ಬಡವರಿಗೆ ಉಚಿತ ಇಂಟರ್ನೆಟ್ ಅಂತ. ಉಚಿತವಾಗಿ ಕೊಡುತ್ತಿದ್ದದ್ದು ಅವರು ಒಪ್ಪಿದ ಕೆಲವೇ ವೆಬ್‌ಸೈಟು. ಬೆಂಗಳೂರಿನ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಹುಡುಗ ಹುಡುಗಿಯರು ಬೀದಿಗೆ ಬಂದರು. 2016ರ ಫೆಬ್ರವರಿ 8ರಂದು ಟ್ರಾಯ್ ಇಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಆ ಚಳವಳಿಯಲ್ಲಿದ್ದವರೇ ಮುಂದೆ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಕಟ್ಟಿದರು. ಈಗಲೂ ಮಾಹಿತಿ ಹಕ್ಕು ಅರ್ಜಿ, ಪತ್ರ, ಕೋರ್ಟು ಅಂತ ಕೆಲಸ ಮಾಡುತ್ತಿದ್ದಾರೆ.

ಕೊರೊನಾ ಕಾಲದ್ದು ನಿಮಗೆ ನೆನಪಿರುತ್ತದೆ. ಆರೋಗ್ಯ ಸೇತು ಆಪ್ ಇಲ್ಲದಿದ್ದರೆ ಆಫೀಸಿಗೆ ಬಿಡಲ್ಲ, ರೈಲು ಹತ್ತಿಸಲ್ಲ ಅಂದರು. ಯಾವ ಕಾನೂನಿನ ಪ್ರಕಾರ? ಬೆಂಗಳೂರಿನ ಅನಿವರ್ ಅರವಿಂದ್ ಕರ್ನಾಟಕ ಹೈಕೋರ್ಟಿಗೆ ಹೋಗಿ ಇದನ್ನೇ ಕೇಳಿದರು. ಆಪ್ ಹಾಕಿಕೊಂಡಿಲ್ಲ ಅಂತ ಸರ್ಕಾರದ ಸೌಲಭ್ಯ ನಿರಾಕರಿಸುವಂತಿಲ್ಲ ಅಂತ 2020ರ ಅಕ್ಟೋಬರಿನಲ್ಲಿ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಬಳಸುವವರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಅವರ ಆರೋಗ್ಯದ ಮಾಹಿತಿಯನ್ನು ಬೇರೆ ಇಲಾಖೆಗಳಿಗೆ ಹಂಚಬೇಡಿ ಅಂತ 2021ರ ಜನವರಿಯಲ್ಲಿ ಹೇಳಿತು. ಮೊದಲ ಪ್ರಶ್ನೆಯ ಶಕ್ತಿ ನೋಡಿ. ಯಾವ ಕಾನೂನು, ಅಷ್ಟೇ.

ಇನ್ನೂ ಹತ್ತಿರದ್ದು 2025ರ ಕೊನೆಯದು. ಹೊಸ ಫೋನುಗಳಲ್ಲೆಲ್ಲ ಸರ್ಕಾರದ ಸಂಚಾರ ಸಾಥಿ ಆಪ್ ಮೊದಲೇ ಹಾಕಿ ಮಾರಬೇಕು ಅಂತ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಟ್ಟಿತು. ಡಿಸೆಂಬರ್ ಆರಂಭದಲ್ಲಿ ಸುದ್ದಿ ಹೊರಬಿತ್ತು. ಸಂಘಟನೆಗಳು, ವಿರೋಧ ಪಕ್ಷಗಳು, ಸಾಮಾನ್ಯ ಜನ ಎಲ್ಲರೂ ಮಾತಾಡಿದರು. ಡಿಸೆಂಬರ್ 3ರಂದು ಕಡ್ಡಾಯದ ಆದೇಶ ವಾಪಸ್ಸಾಯಿತು. ಕಳೆದುಹೋದ ಫೋನ್ ತಡೆಯೋಕೆ ಆ ಆಪ್ ಉಪಯೋಗಕ್ಕೆ ಬರುತ್ತದೆ. ಬೇಕಾದವರು ಹಾಕಿಕೊಳ್ಳಲಿ. ಬೇಡ ಅನ್ನುವವರ ಫೋನಿನಲ್ಲಿ ಯಾಕೆ ಅನ್ನುವುದಷ್ಟೇ ಪ್ರಶ್ನೆಯಾಗಿತ್ತು.

ಈಗ ಕಾನೂನಿನ ವಿಷಯ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟಿನಲ್ಲಿ ಆಯಿತು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಒಳ್ಳೆಯ ಅಂಶಗಳಿವೆ. ನಿಮ್ಮ ಮಾಹಿತಿ ಯಾಕೆ ಬೇಕು ಅಂತ ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಕನ್ನಡದಲ್ಲೂ ಕೇಳಬಹುದು. ಕೊಟ್ಟ ಒಪ್ಪಿಗೆ ವಾಪಸ್ ಪಡೆಯಬಹುದು. ತಪ್ಪಿದ್ದರೆ ತಿದ್ದಿಸಬಹುದು, ಅಳಿಸಿ ಅನ್ನಬಹುದು. ಮಾಹಿತಿ ಸೋರದಂತೆ ಕಾಪಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ.

ಆ ದಂಡದಲ್ಲಿ ಒಂದು ರೂಪಾಯಿಯೂ ನಿಮಗೆ ಬರುವುದಿಲ್ಲ. ಅದು ಸರ್ಕಾರದ ಬೊಕ್ಕಸಕ್ಕೆ. ಹಳೆಯ ಐಟಿ ಕಾಯ್ದೆಯಲ್ಲಿದ್ದ ಪರಿಹಾರದ ಕಲಮನ್ನು ಈ ಕಾಯ್ದೆ ತೆಗೆದುಹಾಕುತ್ತದೆ. ಸರ್ಕಾರ ತಾನು ಹೇಳಿದ ಸಂಸ್ಥೆಗಳಿಗೆ ಪೂರ್ತಿ ವಿನಾಯಿತಿ ಕೊಟ್ಟುಕೊಳ್ಳಬಹುದು. ದೂರು ಕೇಳುವ ಮಂಡಳಿಯನ್ನು ನೇಮಿಸುವುದೂ ಕೇಂದ್ರ ಸರ್ಕಾರವೇ. ಸುಳ್ಳು ದೂರು ಕೊಟ್ಟರೆ ನಿಮಗೆ 10,000 ರೂಪಾಯಿವರೆಗೆ ದಂಡ.

ಆದರೆ ನನ್ನ ಮನಸ್ಸಿಗೆ ತುಂಬಾ ನೋವಾಗಿರುವುದು ಇದ್ಯಾವುದೂ ಅಲ್ಲ, ಆ ಕಾಯ್ದೆಯ 44ನೇ ಕಲಂ. ಖಾಸಗಿತನದ ಹೆಸರಿನಲ್ಲಿ ಅದು ಮಾಹಿತಿ ಹಕ್ಕು ಕಾಯ್ದೆಯನ್ನು ತಿದ್ದಿದೆ. ಮೊದಲು ಹೇಗಿತ್ತು? ಒಬ್ಬರ ವೈಯಕ್ತಿಕ ಮಾಹಿತಿಗೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇಲ್ಲದಿದ್ದರೆ, ಅಥವಾ ಅದು ಸುಮ್ಮನೆ ಅವರ ಖಾಸಗಿ ಬದುಕಿಗೆ ಕೈ ಹಾಕುವಂತಿದ್ದರೆ, ಅಧಿಕಾರಿ ಕೊಡದಿರಬಹುದಿತ್ತು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕಿತ್ತು. ಶಾಸಕರಿಗೆ, ಸಂಸದರಿಗೆ ನಿರಾಕರಿಸಲಾಗದ ಮಾಹಿತಿಯನ್ನು ನಿಮಗೂ ನಿರಾಕರಿಸುವಂತಿಲ್ಲ ಅನ್ನುವ ಮಾತೂ ಅಲ್ಲಿತ್ತು. ಈಗ ಅದೆಲ್ಲ ಹೋಗಿ ಒಂದೇ ಸಾಲು ಉಳಿದಿದೆ. ವೈಯಕ್ತಿಕ ಮಾಹಿತಿಯಾದರೆ ಕೊಡಬೇಕಿಲ್ಲ.

ನಿಮ್ಮ ವಾರ್ಡಿನ ರಸ್ತೆ ಮಳೆಗಾಲಕ್ಕೆ ಕಿತ್ತುಹೋಯಿತು. ಗುತ್ತಿಗೆ ಯಾರದು, ಬಿಲ್ಲಿಗೆ ಸಹಿ ಯಾರದು ಅಂತ ಕೇಳಿದರೆ, ಹೆಸರು ವೈಯಕ್ತಿಕ ಮಾಹಿತಿ ಅನ್ನಬಹುದು. ಪಂಚಾಯ್ತಿಯಲ್ಲಿ ಮನೆ ಮಂಜೂರಾದವರ ಪಟ್ಟಿ ಕೇಳಿದರೂ ಅದನ್ನೇ ಅನ್ನಬಹುದು. ಅಜ್ಜಿಯ ಹೆಬ್ಬೆಟ್ಟು ಇಂಟರ್ನೆಟ್ಟಿಗೆ ಹೋದಾಗ ಇಲ್ಲದ ಕಾಳಜಿ, ಸಹಿ ಹಾಕಿದ ಎಂಜಿನಿಯರ್ ಹೆಸರಿಗೆ ಸಿಕ್ಕಿದೆ. ಖಾಸಗಿತನ ಇರುವುದು ಜನರಿಗೆ. ಅಧಿಕಾರ ನಡೆಸುವವರ ಕೆಲಸ ತೆರೆದಿರಬೇಕು. ಎರಡನ್ನೂ ಒಟ್ಟಿಗೆ ಕೇಳಬಹುದು, ಕೇಳಿದವರೂ ಇದ್ದಾರೆ. ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 90ರ ದಶಕದಲ್ಲಿ ಜನರ ಮುಂದೆ ಪಂಚಾಯ್ತಿ ಲೆಕ್ಕ ಓದಿಸಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತಿತು. ಮಾಹಿತಿ ಹಕ್ಕು ಕಾಯ್ದೆಗೆ ಬೇರು ಅಲ್ಲಿದೆ. ಆ ಸಂಘಟನೆಯ ಅರುಣಾ ರಾಯ್ ಅವರೇ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೂ ಹೋದವರು. ಸರ್ಕಾರದ ಕಡತ ತೆರೆಯಿರಿ, ನಮ್ಮ ಬದುಕು ನಮಗೆ ಬಿಡಿ ಅಂತ ಒಂದೇ ಬಾಯಲ್ಲಿ ಕೇಳಿದವರು.

ಒಂದು ದಾರಿ ಇನ್ನೂ ಇದೆ. ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಂ ಉಳಿದಿದೆ. ಸಾರ್ವಜನಿಕ ಹಿತ ಜಾಸ್ತಿ ಇದ್ದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಅನ್ನುತ್ತದೆ ಅದು. ಇನ್ನು ಮುಂದೆ ಅರ್ಜಿ ಬರೆಯುವಾಗ ಆ ಕಲಂ ಸಂಖ್ಯೆಯನ್ನೂ, ಸಾರ್ವಜನಿಕ ಹಿತ ಏನು ಅನ್ನುವುದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಈಗ ನಮ್ಮ ಊರಿಗೇ ಬರೋಣ. ಅಂಗನವಾಡಿಯ ಅಕ್ಕಂದಿರು ಇಲ್ಲಿದ್ದೀರಿ. ಅಂಗನವಾಡಿ ಲೆಕ್ಕದ ಪೋಷಣ್ ಟ್ರ್ಯಾಕರ್ ಆಪ್‌ನಲ್ಲಿ ಫೇಸ್ ಕ್ಯಾಪ್ಚರ್, ಅಂದರೆ ಮುಖದ ಫೋಟೋ ತೆಗೆದು ಹೊಂದಿಸಿ ನೋಡುವುದು, ಬಂದ ಮೇಲಿನ ಕಷ್ಟ ನಿಮಗೇ ಚೆನ್ನಾಗಿ ಗೊತ್ತು. 2025ರ ಜುಲೈಯಿಂದ, ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಗರ್ಭಿಣಿ, ಬಾಣಂತಿಯರ ಮುಖ ಹೊಂದಬೇಕು. ನೆಟ್‌ವರ್ಕ್ ಇಲ್ಲ, ಫೋನ್ ಹಳೆಯದು, ಒಟಿಪಿ ಗಂಡನ ಫೋನಿಗೆ ಬರುತ್ತದೆ, ಗಂಡ ಹೊಲದಲ್ಲಿ. ಹೊಟ್ಟೆಯಲ್ಲಿ ಮಗು ಇರುವ ಹೆಣ್ಣುಮಗಳು ಬಾಗಿಲಲ್ಲಿ ನಿಂತಿರುತ್ತಾಳೆ. ಬೈಸಿಕೊಳ್ಳುವವರು ನೀವು. ಆ ಮೂರು ಪ್ರಶ್ನೆ ಇಲ್ಲಿ ಹಾಕಿ ನೋಡಿ. ಆಹಾರ ಕಳ್ಳತನ ತಡೆಯುವುದು ಉದ್ದೇಶ ಅಂದರೆ ಅದು ನ್ಯಾಯವಾದದ್ದೇ. ಆದರೆ ಆ ತಾಯಿಯನ್ನು ಮದುವೆಯಾಗಿ ಬಂದ ದಿನದಿಂದ ಬಲ್ಲ ಕಾರ್ಯಕರ್ತೆ ಎದುರಿಗಿರುವಾಗ, ಅವಳ ಮುಖದ ಅಳತೆ ಯಾಕೆ ಬೇಕು? ಆ ಫೋಟೋ ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ? ಯಾರು ನೋಡಬಹುದು? ನಿಮ್ಮ ಸಂಘಗಳು ಗೌರವಧನಕ್ಕೆ ಎಷ್ಟು ಗಟ್ಟಿಯಾಗಿ ಹೋರಾಡಿವೆ ಅಂತ ಈ ಊರು ನೋಡಿದೆ. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಇದೂ ಒಂದು ಸಾಲು ಇರಲಿ ಅಂತ ನನ್ನ ಕೋರಿಕೆ. ಮುಖ ಹೊಂದದಿದ್ದರೂ ಆಹಾರ ನಿಲ್ಲಬಾರದು ಅಂತ ಬರಹದಲ್ಲಿ ಆದೇಶ ಕೇಳಿ.

ಡೆಲಿವರಿ ಕೆಲಸ ಮಾಡುವ ಹುಡುಗರಿಗೂ ಒಂದು ಮಾತು. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆ, ಅಂದರೆ ನಿಮ್ಮ ಹಾಗೆ ಆಪ್ ಮೂಲಕ ಕೆಲಸ ಪಡೆಯುವವರಿಗೆ, ಕಾನೂನು ಮಾಡಿತು. ಸಂಘಗಳು ವರ್ಷಗಟ್ಟಲೆ ಕೇಳಿದ್ದರ ಫಲ ಅದು. ಆರ್ಡರ್ ಯಾರಿಗೆ ಹೋಗುತ್ತದೆ, ರೇಟಿಂಗ್ ಹೇಗೆ ಲೆಕ್ಕ ಹಾಕುತ್ತಾರೆ ಅಂತ ಆಪ್ ಒಳಗೆ ನಡೆಯುವ ತೀರ್ಮಾನಗಳ ಬಗ್ಗೆ ಕಂಪನಿ ಕಾರ್ಮಿಕರಿಗೆ ತಿಳಿಸಬೇಕು ಅಂತ ಅದರಲ್ಲಿದೆ. ಕಾರಣ ಹೇಳದೆ ಐಡಿ ಬ್ಲಾಕ್ ಮಾಡುವ ಹಾಗಿಲ್ಲ. ಇದೂ ಡಿಜಿಟಲ್ ಹಕ್ಕೇ.

ಕೊನೆಯದಾಗಿ ಕ್ಯಾಮೆರಾ. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲೇ ದಾವಣಗೆರೆ ಬಂತು. ಈಗ ಸರ್ಕಲ್‌ಗಳಲ್ಲಿ ತಲೆ ಎತ್ತಿದರೆ ಕ್ಯಾಮೆರಾ ಕಾಣುತ್ತದೆ. ಅಪಘಾತ ಮಾಡಿ ಓಡಿಹೋದ ಗಾಡಿ ಹಿಡಿಯೋಕೆ, ಸರಗಳ್ಳರನ್ನು ಹಿಡಿಯೋಕೆ ಅವು ಬೇಕು ಅನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. ಆದರೆ ಪ್ರತಿಭಟನೆಗೆ ಬಂದ ಹುಡುಗಿಯ ಮುಖವೂ ಅದರಲ್ಲಿರುತ್ತದೆ. ಯಾರು ಯಾವ ಆಸ್ಪತ್ರೆಗೆ ಹೋದರು, ಯಾರ ಜೊತೆ ಚಹಾ ಕುಡಿದರು ಅನ್ನುವುದೂ ಇರುತ್ತದೆ. ಹೈದರಾಬಾದಿನಲ್ಲಿ ಎಸ್.ಕ್ಯೂ. ಮಸೂದ್ ಎಂಬ ಕಾರ್ಯಕರ್ತರನ್ನು ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ, ಮಾಸ್ಕ್ ತೆಗೆಯೋಕೆ ಹೇಳಿ, ಅವರು ಒಪ್ಪದಿದ್ದರೂ ಫೋಟೋ ತೆಗೆದುಕೊಂಡರು. ನನ್ನ ಫೋಟೋ ಯಾಕೆ, ಯಾವ ಕಾನೂನು ಅಂತ ಅವರು ನೋಟಿಸ್ ಕೊಟ್ಟರು. ಆಮೇಲೆ ಮುಖ ಗುರುತಿಸುವ ತಂತ್ರಜ್ಞಾನದ ಬಳಕೆಯನ್ನೇ ತೆಲಂಗಾಣ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ರಸ್ತೆಯಲ್ಲಿ ನಡೆದುಹೋಗುತ್ತಿದ್ದ ಒಬ್ಬ ವ್ಯಕ್ತಿ ಕೇಳಿದ್ದರಿಂದ ಆ ವಿಷಯ ಕೋರ್ಟಿಗೆ ಬಂತು.

ನಮ್ಮ ಊರಿನಲ್ಲಿ ನಾವು ಮಾಡಬೇಕು ಅಂದುಕೊಂಡಿರುವ ಮೊದಲ ಕೆಲಸ ಒಂದು ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಕನ್ನಡದಲ್ಲೇ ಬರೆಯಬಹುದು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. ಅರ್ಜಿಯನ್ನು ಸಂಘದ ಹೆಸರಿನಲ್ಲಿ ಹಾಕಬೇಡಿ. ಪ್ರಜೆಯಾಗಿ ನಿಮ್ಮ ಸ್ವಂತ ಹೆಸರಿನಲ್ಲಿ ಹಾಕಿ. ವಿಳಾಸ ಕೊಡೋಕೆ ಹೆದರಿಕೆಯಾ? ಹೆದರಿಕೆ ಸಹಜ, ಮಾಹಿತಿ ಕೇಳಿದವರ ಮೇಲೆ ಹಲ್ಲೆಗಳಾಗಿವೆ. 2013ರಲ್ಲಿ ಕಲ್ಕತ್ತಾ ಹೈಕೋರ್ಟ್, ಅರ್ಜಿದಾರರು ಪೋಸ್ಟ್ ಬಾಕ್ಸ್ ನಂಬರ್ ಕೊಟ್ಟರೂ ಸಾಕು ಅಂದಿದೆ. ಕೇಂದ್ರ ಸರ್ಕಾರ ಆ ತೀರ್ಪನ್ನು ಇಲಾಖೆಗಳಿಗೆ ಕಳಿಸಿದೆ. ಅದರ ಪ್ರತಿ ಜೊತೆಗೆ ಲಗತ್ತಿಸಿ.

ಕರಡು ಹೀಗಿದೆ. ನಗರದಲ್ಲಿ ಸಾರ್ವಜನಿಕ ಹಣದಿಂದ ಹಾಕಿರುವ ಕ್ಯಾಮೆರಾಗಳು ಎಷ್ಟು. ದೃಶ್ಯಗಳನ್ನು ಎಷ್ಟು ದಿನ ಇಡುತ್ತೀರಿ. ನೋಡುವ ಅಧಿಕಾರ ಯಾವ ಹುದ್ದೆಯವರಿಗಿದೆ. ಮುಖ ಗುರುತಿಸುವ ತಂತ್ರಾಂಶ ಬಳಸುತ್ತೀರಾ, ಬಳಸಿದರೆ ಯಾವ ಕಾನೂನು ಅಥವಾ ಆದೇಶದ ಪ್ರಕಾರ. ಆ ಆದೇಶದ ಪ್ರತಿ ಕೊಡಿ. ಇಷ್ಟೇ. ಇದರಲ್ಲಿ ಯಾರ ವೈಯಕ್ತಿಕ ಮಾಹಿತಿಯೂ ಇಲ್ಲ. ಹಾಗಾಗಿ ಆ ಹೊಸ ತಿದ್ದುಪಡಿ ತೋರಿಸಿ ನಿರಾಕರಿಸೋಕೆ ಆಗಲ್ಲ. ಒಂದು ಪ್ರತಿ ಮಹಾನಗರ ಪಾಲಿಕೆಗೆ, ಒಂದು ಸ್ಮಾರ್ಟ್ ಸಿಟಿ ಕಚೇರಿಗೆ, ಒಂದು ಪೊಲೀಸ್ ಇಲಾಖೆಗೆ ಹೋಗಬೇಕು. ಮೂರಕ್ಕೂ ಬೇರೆ ಬೇರೆಯವರು ಸಹಿ ಹಾಕಿದರೆ ಒಳ್ಳೆಯದು. ಕಾಲೇಜಿನ ಮಕ್ಕಳು ಒಂದು ಹಾಕಿ. ಅಂಗನವಾಡಿ ಅಕ್ಕಂದಿರು ಫೇಸ್ ಕ್ಯಾಪ್ಚರ್ ಬಗ್ಗೆ ಬೇರೆಯದೇ ಅರ್ಜಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಹಾಕಿ, ಅದರ ಕರಡನ್ನೂ ತಂದಿದ್ದೇನೆ. ಸಹಿ ಹಾಕುವವರು ಮುಂದಿನ ಬೆಂಚಿಗೆ ಬನ್ನಿ, ಪದ ಎಣಿಸಿ ತಿದ್ದೋಣ. ಉತ್ತರ ಬಂದ ಮೇಲೆ ಮೂರನ್ನೂ ಎದುರಿಗಿಟ್ಟುಕೊಂಡು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದಲ್ಲ ಅಂತ ಇದೇ ಸಭೆಯಲ್ಲಿ ಓದೋಣ.